ಮಂಡಿ ಆಪರೇಷನ್ ಆದ ಆಟಗಾರರು ಹಳೆ ಮನೆ ರಿಪೇರಿ ಮಾಡಿಸಿ ಮಾರುವ ಕ್ರಮ

ಕಬಡ್ಡಿ, ಕುಸ್ತಿ, ಫುಟ್‌ಬಾಲ್, ವಾಲಿಬಾಲ್ ಆಡುವವರ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿದು, ಆಪರೇಷನ್‌ನಲ್ಲಿ ಅದನ್ನು ಹೊಸದಾಗಿ ಕೂರಿಸಿದರೆ, ಮತ್ತೆ ಅಂಕಣಕ್ಕೆ ಇಳಿಯಲು ಹೆಚ್ಚುಕಡಿಮೆ ಒಂಬತ್ತು ತಿಂಗಳು ಬೇಕು. ಬಿಡುವಿರುವ ಈ ತಿಂಗಳುಗಳಲ್ಲಿ ಊರಿನ ಹಳೆ ಮನೆಯನ್ನು ಸರಿಮಾಡಿಸಿ ಮಾರಿಬಿಡೋಣ ಎಂದು ಹೊರಡುವ ಆಟಗಾರರು ಕಡಿಮೆಯಲ್ಲ. ಲೆಕ್ಕಾಚಾರ ತಪ್ಪೇನಲ್ಲ. ಆದರೆ ಮನೆಗೊಂದು ಕ್ಯಾಲೆಂಡರ್, ಮಂಡಿಗೊಂದು ಕ್ಯಾಲೆಂಡರ್ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೆಲಸ ಹಂಚಬೇಕು. ಮನೆಯದು ಹೆಚ್ಚುಕಡಿಮೆಯಾದರೆ ದುಡ್ಡು ಹೋಗುತ್ತದೆ, ಮಂಡಿಯದು ಹೆಚ್ಚುಕಡಿಮೆಯಾದರೆ ಇನ್ನೊಂದು ಆಪರೇಷನ್.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಕರ್ನಾಟಕದ ಪಟ್ಟಣಗಳಲ್ಲಿ ಹೇರಳವಾಗಿರುವ ಮಾದರಿಯನ್ನು: ಮೂವತ್ತು–ನಲವತ್ತರ ಸೈಟು, ಸುಮಾರು 1000 ಚದರಡಿ, ಎಂಬತ್ತು–ತೊಂಬತ್ತರ ದಶಕದಲ್ಲಿ ಕಟ್ಟಿದ ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಹೆಂಚಿನ ಮನೆಗೂ, ಮರದ ತೊಲೆಗಳ ಮೇಲೆ ಇಟ್ಟಿಗೆ–ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿಗೂ ತಾರಸಿಯ ವಿವರಗಳು ಬೇರೆ. ಉಳಿದದ್ದೆಲ್ಲ ಒಂದೇ.

ಮೊದಲು ಮಂಡಿಯ ಕ್ಯಾಲೆಂಡರ್

ಆಪರೇಷನ್ ಆದ ಮೊದಲ ಎರಡು ವಾರ ಊರುಗೋಲು, ಬ್ರೇಸ್, ಐಸ್. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮುಚ್ಚುವ ತನಕ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಧೂಳೇಳುವ ಜಾಗಕ್ಕೆ ಕಾಲಿಡಬೇಡಿ. ಎರಡರಿಂದ ಆರು ವಾರಗಳಲ್ಲಿ ನಡಿಗೆ ಸುಧಾರಿಸುತ್ತದೆ, ಊರುಗೋಲು ಬಿಡುತ್ತದೆ. ನಿಜವಾದ ಅಪಾಯ ಇರುವುದು ಆರರಿಂದ ಹನ್ನೆರಡನೇ ವಾರದ ನಡುವೆ. ಆಗ ನೋವಿರುವುದಿಲ್ಲ, ಊತ ಇಳಿದಿರುತ್ತದೆ, ಕಾಲು ಸರಿಹೋಯಿತು ಅನ್ನಿಸುತ್ತದೆ. ಒಳಗೆ ಕೂರಿಸಿದ ಹೊಸ ಕಟ್ಟು ಮಾತ್ರ ಅದೇ ಹೊತ್ತಿಗೆ ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ, ಏಕೆಂದರೆ ಹಾಕಿದ ಸ್ನಾಯುರಜ್ಜು ಹಳೆಯ ರಚನೆ ಕಳೆದುಕೊಂಡು, ಹೊಸ ರಕ್ತನಾಳ ಬೆಳೆಸಿಕೊಂಡು ನಿಧಾನಕ್ಕೆ ಕಟ್ಟಾಗಿ ಮಾರ್ಪಡುತ್ತಿರುತ್ತದೆ. ಮನೆಯಲ್ಲಿ ಗಾರೆ ಕೆಲಸ ಜೋರಾಗಿ ನಡೆಯುವುದೂ ಸಾಮಾನ್ಯವಾಗಿ ಇದೇ ವಾರಗಳಲ್ಲಿ.

ಆಟಗಾರರಿಗೆ ಇದರಲ್ಲಿ ವಿಶೇಷ ತೊಂದರೆಯೊಂದಿದೆ. ನೋವು ನುಂಗಿಕೊಂಡು ಮುಂದುವರಿಯುವುದು ವರ್ಷಗಟ್ಟಲೆ ಕಲಿತ ಅಭ್ಯಾಸ. ಭುಜ, ಬೆನ್ನು ಗಟ್ಟಿ ಇರುವುದರಿಂದ 50 ಕಿಲೋ ಸಿಮೆಂಟ್ ಚೀಲ ಎತ್ತುವುದು ಅವರಿಗೆ ಭಾರ ಎನಿಸುವುದೇ ಇಲ್ಲ. ಆದರೆ ಕೆಡುಕು ಮಾಡುವುದು ಭಾರವೊಂದೇ ಅಲ್ಲ. ಭಾರ ಹೊತ್ತು, ಪಾದ ನೆಲಕ್ಕೆ ಊರಿದ್ದಂತೆಯೇ ಮೈ ತಿರುಗಿಸುವುದು ಮಂಡಿಗೆ ಅದಕ್ಕಿಂತ ಕೆಟ್ಟದ್ದು. ಮೂಲ ಕಟ್ಟು ಅಂಕಣದಲ್ಲಿ ಹರಿದದ್ದೂ ಬಹುಪಾಲು ಹೀಗೆಯೇ.

ಹೊಸ ಕಟ್ಟಿಗೆ ಸ್ನಾಯುರಜ್ಜು ತೆಗೆದದ್ದು ಎಲ್ಲಿಂದ ಎಂಬುದೂ ಮುಖ್ಯ. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನಿಂದ ತೆಗೆದಿದ್ದರೆ ಮಂಡಿಯೂರಿ ಮಾಡುವ ಕೆಲಸ, ಅಂದರೆ ನೆಲದ ಟೈಲ್ಸು, ಸ್ಕರ್ಟಿಂಗ್, ನೆಲ ಉಜ್ಜುವುದು ತಿಂಗಳುಗಟ್ಟಲೆ ನೋಯಿಸುತ್ತದೆ. ತೊಡೆಯ ಹಿಂಭಾಗದಿಂದ ತೆಗೆದಿದ್ದರೆ ಹಿಮ್ಮಡಿ ಒತ್ತಿ ಸಾಮಾನು ಎಳೆಯುವುದು ಮೊದಲ ಮೂರು ತಿಂಗಳು ಬೇಡ. ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹೊಲಿದಿದ್ದರೆ ಕುಕ್ಕರಗಾಲಲ್ಲಿ ಕೂರುವುದು ಸುಮಾರು ನಾಲ್ಕು ತಿಂಗಳ ತನಕ ಇಲ್ಲವೇ ಇಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಮಾಹಿತಿ ಇರುತ್ತದೆ. ಅದನ್ನು ಫಿಸಿಯೋಗೆ ತೋರಿಸಿ, ಯಾವ ಕೆಲಸ ಯಾವ ವಾರದಿಂದ ಎಂದು ಬರೆಸಿಕೊಳ್ಳಿ. ಈ ಲೇಖನಕ್ಕೂ ಅವರ ಮಾತಿಗೂ ವ್ಯತ್ಯಾಸ ಬಂದರೆ ಅವರ ಮಾತೇ ಅಂತಿಮ.

ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ ಮಂಡಿಚಿಪ್ಪಿನ ನಡುಮಧ್ಯದ ಸುತ್ತಳತೆಯನ್ನು ಟೈಲರ್ ಟೇಪಿನಿಂದ ಅಳೆದು ಬರೆದಿಡಿ. ನಿನ್ನೆಗಿಂತ ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ನಿನ್ನೆ ಸೈಟಿನಲ್ಲಿ ಅತಿಯಾಯಿತು ಎಂದರ್ಥ, ಇವತ್ತು ಅರ್ಧಕ್ಕೆ ಇಳಿಸಿ. ಮೀನಖಂಡದಲ್ಲಿ ಹೊಸದಾಗಿ ನೋವು, ಬಿಸಿ, ಊತ ಕಂಡರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಐಸ್ ಇಟ್ಟು ಕಾಯಬೇಡಿ, ಆಸ್ಪತ್ರೆಗೆ ಹೋಗಿ.

0–2ನೇ ವಾರ: ಹಾಸಿಗೆಯಿಂದಲೇ ಕಾಗದಪತ್ರ

ಎಷ್ಟೋ ಮನೆಗಳ ಮಾರಾಟ ನಿಲ್ಲುವುದು ಬಣ್ಣ ಹಳೆಯದಾದದ್ದಕ್ಕಲ್ಲ, ಕಾಗದ ಸರಿಯಿಲ್ಲದ್ದಕ್ಕೆ. ಈ ಕೆಲಸಕ್ಕೆ ಕಾಲು ಬೇಕಿಲ್ಲ, ಮೊಬೈಲ್ ಸಾಕು. ಹಾಗಾಗಿ ಇದೇ ಮೊದಲು.

ಕ್ರಯಪತ್ರ, ಖಾತೆ, ಈವರೆಗಿನ ಕಂದಾಯ ರಸೀದಿ, ಮಂಜೂರಾದ ನಕ್ಷೆ ಒಂದೆಡೆ ಸೇರಿಸಿ. ಋಣಭಾರ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಇಸಿ ಎನ್ನುವುದನ್ನು, ಕಾವೇರಿ ಜಾಲತಾಣದಲ್ಲಿ ತೆಗೆಯಬಹುದು. ಆದರೆ ಹಳೆಯ ವರ್ಷಗಳ ದಾಖಲೆ ಅಲ್ಲಿ ಸಿಗದಿದ್ದರೆ ಉಪನೋಂದಣಿ ಕಚೇರಿಗೆ ಯಾರನ್ನಾದರೂ ಕಳಿಸಬೇಕು. ಖರೀದಿದಾರರ ಬ್ಯಾಂಕು ಬಹುತೇಕ ಹಿಂದಿನ ಹಲವು ವರ್ಷಗಳ ಇಸಿ ಕೇಳುತ್ತದೆ. ಈಗ ಇ-ಖಾತೆ ಇಲ್ಲದೆ ನೋಂದಣಿ ಮುಂದುವರಿಯುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಬೇಕು.

ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಖಾತೆ ಇನ್ನೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿರುವುದು. ಆಗ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು, ಮದುವೆಯಾಗಿ ಹೋದ ಅಕ್ಕ–ತಂಗಿಯರೂ ಸೇರಿ ಎಲ್ಲ ವಾರಸುದಾರರ ಸಹಿ ಬೇಕು. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಎರಡು, ಕ್ರಯಪತ್ರದ ಚಕ್ಕುಬಂದಿಗೂ ಖಾತೆಯ ಅಳತೆಗೂ ತಾಳೆಯಾಗದಿರುವುದು. ಮೂರು, ಎಂದೋ ತೀರಿಸಿದ ಸಾಲದ ಅಡಮಾನ ಇಸಿಯಲ್ಲಿ ಹಾಗೇ ಉಳಿದಿರುವುದು. ಬ್ಯಾಂಕಿನಿಂದ ಋಣಮುಕ್ತಿ ಪತ್ರ ಪಡೆದು ನೋಂದಾಯಿಸಿದರಷ್ಟೇ ಅದು ಹೋಗುತ್ತದೆ. ವಾರಸುದಾರಿಕೆಯಲ್ಲಿ ತಕರಾರಿದ್ದರೆ ಅದು ಬಗೆಹರಿಯುವ ತನಕ ಮನೆಗೆ ಒಂದು ಚೀಲ ಸಿಮೆಂಟೂ ತರಬೇಡಿ.

ಡೋಪಿಂಗ್ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿ ಇರುವವರಿಗೆ ಇನ್ನೊಂದು ಮಾತು. ಗಾಯಗೊಂಡು ಮನೆಯಲ್ಲಿದ್ದರೂ ವಾಸ್ತವ್ಯದ ವಿವರ ಕೊಡುವ ಹೊಣೆ ತಪ್ಪುವುದಿಲ್ಲ. ಹಾಸ್ಟೆಲ್ ಬಿಟ್ಟು ಹಳೆ ಮನೆಗೆ ಬಂದು ಉಳಿದಿದ್ದರೆ ಆ ವಿಳಾಸವನ್ನೂ, ಪರೀಕ್ಷಕರಿಗೆ ಖಂಡಿತ ಸಿಗುತ್ತೇನೆಂದು ಕೊಟ್ಟ ದಿನದ 60 ನಿಮಿಷದ ಅವಧಿಯನ್ನೂ ತಿದ್ದಿ ದಾಖಲಿಸಿ. ಗಾರೆ ಸದ್ದಿನಲ್ಲಿ ಬಾಗಿಲು ಬಡಿದದ್ದು ಕೇಳಿಸಲಿಲ್ಲ ಎಂಬ ವಿವರಣೆ ನಿಲ್ಲುವುದಿಲ್ಲ. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ನಿಯಮಭಂಗ. ಟ್ರಮಡಾಲ್ ಎಂಬ ನೋವಿನ ಮಾತ್ರೆ 2024ರಿಂದ ಸ್ಪರ್ಧೆಯ ವೇಳೆ ನಿಷಿದ್ಧ. ವಿಶ್ರಾಂತಿಯಲ್ಲಿರುವಾಗ ವೈದ್ಯರು ಕೊಟ್ಟರೆ ತೊಂದರೆಯಿಲ್ಲ, ಚೀಟಿ ಮಾತ್ರ ಜೋಪಾನ. ಅಂಥ ಮಾತ್ರೆ ತೆಗೆದುಕೊಂಡ ದಿನ ಸೈಟಿನಲ್ಲಿ ಯಾವ ಯಂತ್ರವನ್ನೂ ಮುಟ್ಟಬೇಡಿ, ಮಂಪರು ಬರುತ್ತದೆ.

2–6ನೇ ವಾರ: ಕೋಲು, ಟೇಪು, ನೋಟ್‌ಪುಸ್ತಕ

ಈಗ ಮನೆಯ ತಪಾಸಣೆ. ಮೊದಲ ಭೇಟಿಗೆ ಮುನ್ನವೇ ಯಾರನ್ನಾದರೂ ಕಳಿಸಿ ಗೇಟಿನಿಂದ ಒಳಕೋಣೆಯ ತನಕ ಮೂರಡಿ ಅಗಲದ ದಾರಿ ಬಿಡಿಸಿ. ಮರಳು, ವೈರು, ಒದ್ದೆ ನೆಲ ಇವು ಮೂರೂ ಊರುಗೋಲಿಗೆ ಶತ್ರು. ಊರುಗೋಲಿನ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಬದಲಿಸಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲಿನ ಜೊತೆ ಆಪರೇಷನ್ ಆದ ಕಾಲು ಮೊದಲು. ಎತ್ತರದ ಒಂದು ಸ್ಟೂಲು, ಕಾಲು ಚಾಚಿಡಲು ಇನ್ನೊಂದು ಕುರ್ಚಿ ಸೈಟಿನಲ್ಲಿ ಖಾಯಂ ಇರಲಿ. ತಾರಸಿಗೆ ನೀವು ಹತ್ತಬೇಡಿ, ಮೇಲಿನ ದೃಶ್ಯವನ್ನು ಮೇಸ್ತ್ರಿಯಿಂದ ವಿಡಿಯೋ ಕರೆಯಲ್ಲಿ ನೋಡಿ. ಪ್ರತಿ ಬಿರುಕಿನ ಪಕ್ಕದಲ್ಲೂ ಟೇಪ್ ಹಿಡಿದು ತೋರಿಸಲು ಹೇಳಿ. ಟೇಪ್ ಇಲ್ಲದ ಫೋಟೋದಲ್ಲಿ ಕೂದಲೆಳೆಯ ಬಿರುಕೂ ಬೆರಳು ಹೋಗುವ ಬಿರುಕೂ ಒಂದೇ ಥರ ಕಾಣುತ್ತವೆ.

ಆರಡಿ ಉದ್ದದ ಗಟ್ಟಿ ಮರದ ಕೋಲೊಂದು ಈ ಹಂತದ ಅತ್ಯುತ್ತಮ ಉಪಕರಣ. ಕುರ್ಚಿಯಲ್ಲಿ ಕುಳಿತೇ ನೆಲದ ಟೈಲ್ಸನ್ನು ಒಂದೊಂದಾಗಿ ತಟ್ಟಿ. ಟೊಳ್ಳು ಸದ್ದು ಬಂದ ಟೈಲ್ಸಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಸಿ. ಗೋಡೆಯ ಗಿಲಾವಿಗೂ ಇದೇ ಪರೀಕ್ಷೆ. ಸೂರಿಗೆ ಮಾತ್ರ ಸಡಿಲ ಕಾಂಕ್ರೀಟು ಬೀಳುವಂತಿಲ್ಲ ಎಂದು ಖಾತ್ರಿಯಾದ ಮೇಲೆ, ನೇರ ಕೆಳಗೆ ನಿಲ್ಲದೆ, ಬದಿಯಿಂದ ಹೆಲ್ಮೆಟ್ ಹಾಕಿದ ಮೇಸ್ತ್ರಿಯಿಂದ ತಟ್ಟಿಸಿ.

ಸೂರಿನಲ್ಲಿ ಸಾಲಾಗಿ ಕಂದು ಕಲೆ, ಉದ್ದುದ್ದ ಬಿರುಕು, ಉದುರಿದ ಕಾಂಕ್ರೀಟಿನೊಳಗೆ ಕಾಣುವ ಕಂಬಿ ಇದ್ದರೆ, ತುಕ್ಕು ಹಿಡಿದ ಕಂಬಿ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸಿಡಿಸುತ್ತಿದೆ ಎಂದರ್ಥ. ಇದನ್ನು ಪುಟ್ಟಿ ಮೆತ್ತಿ ಮುಚ್ಚುವುದು ಮೋಸ ಮಾತ್ರವಲ್ಲ, ಆರೇ ತಿಂಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕಂಬಿ ಗಣನೀಯವಾಗಿ ಸಣ್ಣಗಾಗಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದಿನ ಒಂದು ರೂಪಾಯಿಯೂ ಬೇಡ. ಮೇಲ್ಮೈ ತುಕ್ಕು ಮಾತ್ರವಾದರೆ ದುರಸ್ತಿಯ ಕ್ರಮ ಹೀಗೆ: ಕೆಳಗೆ ಆಸರೆ ಕೊಟ್ಟು, ಸಡಿಲವಾದದ್ದನ್ನೆಲ್ಲ ಗಟ್ಟಿ ಕಾಂಕ್ರೀಟು ಸಿಗುವ ತನಕ ಕೆತ್ತಿ, ಕಂಬಿಯ ಹಿಂಬದಿಯೂ ಸೇರಿ ವೈರ್ ಬ್ರಶ್‌ನಿಂದ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ, ಬಾಂಡಿಂಗ್ ಕೋಟು ಒಣಗುವ ಮುನ್ನವೇ ಪಾಲಿಮರ್ ಗಾರೆಯನ್ನು 10–12 ಮಿಲಿಮೀಟರ್ ಪದರಗಳಲ್ಲಿ ತುಂಬುವುದು. ಒಂದೇ ಏಟಿಗೆ ದಪ್ಪನಾಗಿ ತುಂಬಿದರೆ ತನ್ನ ತೂಕಕ್ಕೆ ತಾನೇ ಜೋತುಬೀಳುತ್ತದೆ.

ಗೋಡೆಯ ತೇವ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡದೆ ಬಣ್ಣದ ಮಾತೆತ್ತಬೇಡಿ. ನೆಲದಿಂದ ಎರಡು–ಮೂರು ಅಡಿಯ ತನಕ, ಬಿಳಿ ಉಪ್ಪಿನೊಂದಿಗೆ, ಇಡೀ ಗೋಡೆಯುದ್ದಕ್ಕೂ ಇದ್ದರೆ ಅದು ಪಾಯದಿಂದ ಏರಿದ ತೇವ. ಮೇಲಿನ ಮೂಲೆಯಲ್ಲಿ ಶುರುವಾಗಿದ್ದರೆ ತಾರಸಿ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಮಾತ್ರವಾದರೆ ಪೈಪು ಅಥವಾ ಬಚ್ಚಲ ನೆಲ. ಸಂಶಯವಿದ್ದರೆ ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಮರುದಿನ ನೋಡಿ. ಹಾಳೆಯ ಒಳಬದಿ ಹನಿಗಟ್ಟಿದ್ದರೆ ಗೋಡೆಯೊಳಗೇ ನೀರಿದೆ, ಹೊರಬದಿ ಹನಿಗಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಸಾಕು.

ಅಡುಗೆಮನೆಯ ಗೋಡೆ ಒಡೆದು ಹಾಲ್‌ಗೆ ಸೇರಿಸಿದರೆ ಬೆಲೆ ಬರುತ್ತದೆ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆ ಕಾಲದ ಮನೆಗಳಲ್ಲಿ ಒಂಬತ್ತಿಂಚಿನ ಗೋಡೆಯೇ ತಾರಸಿಯ ಭಾರ ಹೊತ್ತಿರುವುದು ಮಾಮೂಲಿ. ಒಡೆಯುವುದಿದ್ದರೆ ಎಂಜಿನಿಯರ್ ಬರೆದುಕೊಡಲಿ. ಮಾರುವ ಮನೆಗೆ ಆ ತಲೆನೋವೇ ಬೇಡ ಎಂಬುದು ನಮ್ಮ ಅಭಿಪ್ರಾಯ.

ಈ ವಾರಗಳಲ್ಲೇ ಕೊಟೇಷನ್ ತೆಗೆಯಿರಿ. “ಪೂರ್ತಿ ಮನೆ ಇಷ್ಟಕ್ಕೆ” ಎಂಬ ಗುತ್ತಿಗೆಗಿಂತ ಕೆಲಸವಾರು ದರ ಒಳ್ಳೆಯದು: ಗಿಲಾವು ಚದರಡಿಗೆ ಎಷ್ಟು, ಟೈಲ್ಸು ಚದರಡಿಗೆ ಎಷ್ಟು, ವೈರಿಂಗ್ ಪಾಯಿಂಟಿಗೆ ಎಷ್ಟು. ಹೀಗಿದ್ದರೆ ಕುಳಿತಲ್ಲೇ ಅಳೆದು ಬಿಲ್ ತಾಳೆ ನೋಡಬಹುದು. ಮುಂಗಡ 10–15%, ಕೆಲಸ ಮುಗಿದಂತೆಲ್ಲ ಕಂತು, ಕೊನೆಯ 10% ನೀರಿನ ಪರೀಕ್ಷೆಗಳೆಲ್ಲ ಪಾಸಾದ ಮೇಲೆ. ಒಟ್ಟು ಅಂದಾಜಿನ ಮೇಲೆ 15% ಪಕ್ಕಕ್ಕಿಡಿ, ಹಳೆ ಗೋಡೆ ಕೆತ್ತಿದ ಮೇಲೇ ಒಳಗಿನ ಸತ್ಯ ಗೊತ್ತಾಗುವುದು. ಚಿಕಿತ್ಸೆಯ ಹಣವನ್ನು ಈ ಲೆಕ್ಕಕ್ಕೆ ಬೆರೆಸಲೇಬೇಡಿ. ಫಿಸಿಯೋ ಶುಲ್ಕಕ್ಕೆಂದು ಇಟ್ಟದ್ದು ಟೈಲ್ಸಿಗೆ ಹೋದರೆ ಮುಂದಿನ ಸೀಸನ್ ಹೋದಂತೆ.

6–12ನೇ ವಾರ: ಒದ್ದೆ ಕೆಲಸ, ನೀವು ಕುರ್ಚಿಯಲ್ಲಿ

ಕ್ರಮ ಇದು: ತಾರಸಿ, ಪೈಪು ಮತ್ತು ವೈರಿಂಗ್, ಬಚ್ಚಲು, ಗಿಲಾವು, ನೆಲ. ತಾರಸಿ ಸೋರುತ್ತಿರುವಾಗ ಗಿಲಾವು ಮಾಡಿಸುವುದು, ಪೈಪು ಬದಲಿಸುವ ಮುನ್ನ ಟೈಲ್ಸು ಹಾಕಿಸುವುದು ಎರಡು ಸಲ ದುಡ್ಡು ಕೊಡುವ ದಾರಿ.

ತಾರಸಿಯನ್ನು ಮಳೆಗಾಲಕ್ಕೆ ಮುನ್ನ ಮುಗಿಸಬೇಕು. ಜನವರಿಯಿಂದ ಏಪ್ರಿಲ್ ಹೇಳಿ ಮಾಡಿಸಿದ ಕಾಲ. ಮೊದಲು ನೀರಿನ ಕಿಂಡಿ, ಪೈಪು ಸ್ವಚ್ಛ ಮಾಡಿಸಿ, ಎಷ್ಟೋ ಸಲ ಸೋರಿಕೆಗೆ ಕಾರಣ ಕಟ್ಟಿಕೊಂಡ ಕಿಂಡಿಯೊಂದೇ. ನೀರು ಕಿಂಡಿಯ ಕಡೆಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಇರಬೇಕು, ಅಂದರೆ ಹತ್ತಡಿಗೆ ಸುಮಾರು ಒಂದೂಕಾಲು ಇಂಚು. ಬಿರುಕುಗಳನ್ನು ‘ವಿ’ ಆಕಾರಕ್ಕೆ ಕೆತ್ತಿ ಪಾಲಿಮರ್ ಗಾರೆ ತುಂಬಿಸಿ. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯುದ್ದಕ್ಕೂ ಎರಡಿಂಚಿನ ದುಂಡು ವಾಟ ಕಟ್ಟಿಸಿ, ನೀರು ಒಳನುಗ್ಗುವುದು ಬಹುಪಾಲು ಅಲ್ಲಿಂದಲೇ. ಅದು ಒಣಗಿದ ಮೇಲೆ ವಾಟರ್‌ಪ್ರೂಫ್ ಕೋಟು ಎರಡು ಸಲ, ಮೊದಲನೆಯದು ಹಸಿಯಿರುವಾಗಲೇ ಫೈಬರ್ ಜಾಲರಿ ಕೂರಿಸಿ, ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ. ಕೋಟು ಗೋಡೆಯ ಮೇಲೂ ಒಂದಡಿ ಏರಲಿ. ತೇವದ ತಾರಸಿಯ ಮೇಲೆ ಹಚ್ಚಿದರೆ ಒಳಗಿನ ನೀರು ಬಿಸಿಲಿಗೆ ಆವಿಯಾಗಿ ಪದರವನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸುತ್ತದೆ.

ಪರೀಕ್ಷೆ: ಕಿಂಡಿ ಮುಚ್ಚಿ ಒಂದಿಂಚು ನೀರು ನಿಲ್ಲಿಸಿ 24ರಿಂದ 48 ಗಂಟೆ ಕೆಳಗಿನ ಸೂರು ನೋಡುತ್ತಿರಿ. 1000 ಚದರಡಿಗೆ ಸುಮಾರು 2300 ಲೀಟರ್ ನೀರು ಬೇಕಾಗುತ್ತದೆ, ಅಂದರೆ ಎರಡು ಟನ್ನಿಗೂ ಮಿಕ್ಕಿದ ಭಾರ. ಕಂಬಿ ತುಕ್ಕು ಹಿಡಿದ ಸೂರಿಗೆ ಎಂಜಿನಿಯರ್ ಒಪ್ಪದೆ ಈ ಪರೀಕ್ಷೆ ಬೇಡ, ಮದ್ರಾಸ್ ತಾರಸಿಗಂತೂ ಬೇಡವೇ ಬೇಡ.

ಪೈಪುಗಳಲ್ಲಿ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಒಳಗಿಂದ ತುಕ್ಕು ಕಟ್ಟಿ ಸಣ್ಣಗಾಗಿರುತ್ತದೆ. ನಲ್ಲಿ ಬಿಟ್ಟಾಗ ಮೊದಲು ಕೆಂಪು ನೀರು ಬಂದರೆ ಅದೇ ಸಾಕ್ಷಿ. ತಣ್ಣೀರಿಗೆ ಯುಪಿವಿಸಿ, ಗೀಸರ್‌ನಿಂದ ಬರುವ ಬಿಸಿನೀರಿಗೆ ಸಿಪಿವಿಸಿ. ಎರಡಕ್ಕೂ ಬೇರೆ ಬೇರೆ ಅಂಟು, ಒಂದರದ್ದನ್ನು ಇನ್ನೊಂದಕ್ಕೆ ಬಳಸಿದರೆ ಕೂಡುಗಳು ತಿಂಗಳ ನಂತರ ತೊಟ್ಟಿಕ್ಕುತ್ತವೆ. ಗೋಡೆ ಮುಚ್ಚುವ ಮುನ್ನ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಿ, ಮೀಟರಿನ ಮುಳ್ಳು ಇಳಿಯುವುದಿಲ್ಲ ಎಂಬುದನ್ನು ನೀವೇ ಕಣ್ಣಾರೆ ನೋಡಿ, ಫೋಟೋ ತೆಗೆಯಿರಿ. ಪೈಪು ಹಾದುಹೋದ ದಾರಿಯ ಫೋಟೋವೂ ಇರಲಿ, ಖರೀದಿದಾರರು ನಾಳೆ ಮೊಳೆ ಹೊಡೆಯುವಾಗ ನಿಮ್ಮನ್ನು ನೆನೆಯುತ್ತಾರೆ.

ವೈರಿಂಗ್‌ನಲ್ಲಿ ಮರದ ಬೋರ್ಡು, ಫ್ಯೂಸ್ ಕಟ್ಟೆ, ಅರ್ತಿಂಗ್ ಇಲ್ಲದ ಪ್ಲಗ್ ಪಾಯಿಂಟು ಇದ್ದರೆ ತೆಗೆಸಿಬಿಡಿ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್ ತಂತಿ, ಪ್ಲಗ್‌ಗಳಿಗೆ 2.5, ಗೀಸರ್ ಮತ್ತು ಎಸಿಗೆ 4. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸಾಧನ. ಅದನ್ನು ಹಾಕಿದ ದಿನವೇ ಪದೇಪದೇ ಟ್ರಿಪ್ ಆದರೆ ಸಾಧನ ಕೆಟ್ಟಿದೆ ಎಂದು ತೆಗೆಸಬೇಡಿ. ಹಳೆಯ ಗೋಡೆಯಲ್ಲಿ ಎಲ್ಲೋ ನ್ಯೂಟ್ರಲ್ ಮತ್ತು ಅರ್ತ್ ಸೇರಿಕೊಂಡಿವೆ ಅಥವಾ ತೇವದ ಕೊಳವೆಯಲ್ಲಿ ತಂತಿಯ ಹೊದಿಕೆ ಹೋಗಿದೆ ಎಂದು ಅದು ಹೇಳುತ್ತಿದೆ. ಒಂದೊಂದೇ ಸರ್ಕ್ಯೂಟ್ ಬಿಚ್ಚಿ ಹುಡುಕಿಸಿ.

ಬಚ್ಚಲಿಗೆ ತುಸು ಹೆಚ್ಚು ಖರ್ಚು ಮಾಡಿದರೂ ನಷ್ಟವಿಲ್ಲ. ನೀವು ಅದೇ ಮನೆಯಲ್ಲಿ ಉಳಿದಿದ್ದರೆ ಎಲ್ಲಕ್ಕಿಂತ ಮೊದಲು ಕಮೋಡ್ ಕೂರಿಸಿ, ಅಲ್ಲಿಯವರೆಗೆ ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತದೆ. ವಯಸ್ಸಾದವರಿರುವ ಖರೀದಿದಾರರು ಕೇಳುವುದೂ ಇದನ್ನೇ. ನೆಲದ ವಾಟರ್‌ಪ್ರೂಫ್ ಕೋಟು ಎರಡು ಸಲ, ಗೋಡೆಯ ಮೇಲೆ ಒಂದಡಿ, ಶವರ್ ಇರುವ ಕಡೆ ಆರಡಿ ಎತ್ತರ. ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಜಾಲರಿ ಕಿಂಡಿ) ಸುತ್ತಲಿನ ಸಂದು ಗಾರೆಯಿಂದಲ್ಲ, ಕುಗ್ಗದ ಗ್ರೌಟ್‌ನಿಂದ ತುಂಬಬೇಕು. 48 ಗಂಟೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸು. ನೆಲಕ್ಕೆ ಹೊಳಪಿನದ್ದು ಬೇಡ, ಜಾರದ ಮ್ಯಾಟ್ ಟೈಲ್ಸು ಇರಲಿ. ಟೈಲ್ಸ್ ಮುಗಿದ ಮೇಲೆ ಒಂದು ಬಕೆಟ್ ನೀರು ಸುರಿದು, ಐದು ನಿಮಿಷದಲ್ಲಿ ಎಲ್ಲಿಯೂ ನಿಲ್ಲದೆ ಹರಿದುಹೋಯಿತೇ ನೋಡಿ. ನಿಂತರೆ ಆ ಸಾಲು ಕಿತ್ತು ಹಾಕಲಿ, ಕೊನೆಯ ಕಂತು ನಿಮ್ಮ ಕೈಯಲ್ಲೇ ಇದೆಯಲ್ಲ.

ಏರುತೇವದ ಗೋಡೆಯಲ್ಲಿ ಕಲೆ ಕಾಣುವ ಗೆರೆಗಿಂತ ಒಂದಡಿ ಮೇಲಿನವರೆಗೆ ಹಳೆ ಗಿಲಾವು ಕಿತ್ತು, ಇಟ್ಟಿಗೆಯ ಸಂದು ಕೆದಕಿ, ಉಪ್ಪನ್ನು ಒಣ ಬ್ರಶ್‌ನಿಂದ ತೆಗೆಯಿಸಿ (ನೀರಿನಿಂದ ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ). ಆದಷ್ಟು ದಿನ ಗೋಡೆ ಹಾಗೇ ಬರಿದಾಗಿ ಒಣಗಲಿ. ಆಮೇಲೆ ಒಂದಕ್ಕೆ ನಾಲ್ಕರ ಗಾರೆ (ಸಿಮೆಂಟು ಒಂದು, ಮರಳು ನಾಲ್ಕು), 50 ಕಿಲೋ ಸಿಮೆಂಟಿಗೆ 200 ಮಿಲಿಲೀಟರ್ ವಾಟರ್‌ಪ್ರೂಫ್ ದ್ರವ. ಒಳಗೆ 12 ಮಿಲಿಮೀಟರ್, ಹೊರಗೆ 15–20. ಏಳು ದಿನ ನೀರುಣಿಸಬೇಕು. ಇದರಿಂದ ತೇವ ಕಡಿಮೆಯಾಗುತ್ತದೆ, ಪಾಯದಲ್ಲಿ ತೇವತಡೆ ಪದರವೇ ಇಲ್ಲದ ಮನೆಯಲ್ಲಿ ಪೂರ್ತಿ ನಿಂತುಹೋಗುತ್ತದೆಂದು ಖರೀದಿದಾರರಿಗೆ ಮಾತು ಕೊಡಬೇಡಿ.

ಗೆದ್ದಲಿಗೆ ಗೋಡೆ–ನೆಲ ಕೂಡುವ ಕಡೆ 12 ಮಿಲಿಮೀಟರ್ ರಂಧ್ರಗಳನ್ನು ಒಂದಡಿಗೊಂದರಂತೆ ಕೊರೆದು ಔಷಧ ತುಂಬುವುದು ರೂಢಿ. ಹೊಸ ನೆಲ ಹಾಕುವ ಮುನ್ನವೇ ಮುಗಿಸಿ. ಅವತ್ತು ಮನೆಯಲ್ಲಿ ಯಾರೂ ಇರಬಾರದು.

ನೆಲದ ವಿಷಯದಲ್ಲಿ ಒಂದು ಜಗಳ ಮಾಡಲೇಬೇಕು. ಹಳೆಯ ಕೆಂಪು ರೆಡ್‌ಆಕ್ಸೈಡ್ ನೆಲ ಗಟ್ಟಿಯಾಗಿದ್ದರೆ ಅದರ ಮೇಲೆ ಟೈಲ್ಸು ಹೊದಿಸುವುದು ಅನ್ಯಾಯ. ಈಗ ಆ ನೆಲವನ್ನೇ ಹುಡುಕಿಕೊಂಡು ಬರುವವರಿದ್ದಾರೆ. ತೊಳೆದು, ಬಿರುಕು ಮುಚ್ಚಿ, ಪಾಲಿಶ್ ಮಾಡಿಸಿದರೆ ಖರ್ಚೂ ಕಡಿಮೆ. ಮೊಸಾಯಿಕ್‌ಗೂ ಇದೇ ಮಾತು. ಹಳೆ ಟೈಲ್ಸಿನ ಮೇಲೆ ಹೊಸ ಟೈಲ್ಸು ಅಂಟಿಸುವುದಾದರೆ ನೆಲ ಅರ್ಧ ಇಂಚಿನಷ್ಟು ಏರುತ್ತದೆ, ಬಾಗಿಲುಗಳನ್ನು ಕೆಳಗೆ ಕೊಯ್ಯಬೇಕು, ಬಚ್ಚಲ ಹೊಸಿಲಿನ ಮಟ್ಟವೂ ಬದಲಾಗುತ್ತದೆ. ಬಡಗಿಯ ಲೆಕ್ಕವನ್ನು ಮೊದಲೇ ಸೇರಿಸಿಕೊಳ್ಳಿ.

ಟೈಲ್ಸು ಕತ್ತರಿಸುವ ದಿನ ನೆಲವೆಲ್ಲ ಕೆಸರು, ಗಾಳಿಯೆಲ್ಲ ಸಿಲಿಕಾ ಧೂಳು. ಆ ದಿನ ಮನೆಯಲ್ಲೇ ಇದ್ದು ಫಿಸಿಯೋ ವ್ಯಾಯಾಮ ಮಾಡಿ, ಸಂಜೆ ನೆಲ ಒಣಗಿದ ಮೇಲೆ ಬಂದು ಅಳೆಯಿರಿ. ಉಳಿದ ದಿನಗಳಲ್ಲೂ ಗಂಟೆಗೊಮ್ಮೆ ಹತ್ತು–ಹದಿನೈದು ನಿಮಿಷ ಕಾಲು ಮೇಲಿಟ್ಟು ಕುಳಿತುಕೊಳ್ಳಿ.

ಮೂರನೇ ತಿಂಗಳ ನಂತರ: ನಿಮ್ಮ ಕೈಗೂ ಸ್ವಲ್ಪ ಕೆಲಸ

ಫಿಸಿಯೋ ಒಪ್ಪಿದರೆ ಕುಳಿತು ಅಥವಾ ನಿಂತು, ಎದೆಯ ಮಟ್ಟದಲ್ಲಿ ಮಾಡುವ ಕೆಲಸ ಆರಂಭಿಸಬಹುದು. ಬಾಗಿಲು–ಕಿಟಕಿಯ ಕದಗಳನ್ನು ಬಿಚ್ಚಿಸಿ ಮೇಜಿನ ಮೇಲೆ ಹಾಕಿಕೊಂಡು ಉಜ್ಜುವುದು (80ರ ಮರಳುಕಾಗದದಿಂದ ಶುರುಮಾಡಿ 120, ಕೊನೆಗೆ 220), ಹಿಡಿಕೆ, ಬಿಜಾಗರಿ, ಚಿಲಕ ಬದಲಿಸುವುದು, ಸ್ವಿಚ್ ಪ್ಲೇಟು ಒರೆಸುವುದು, ಎದೆಮಟ್ಟದ ಗೋಡೆಗೆ ರೋಲರ್ ಆಡಿಸುವುದು. ಏಣಿ ಇನ್ನೂ ಬೇಡ. ಏಣಿಯಿಂದ ಇಳಿಯುವಾಗ ಕೊನೆಯ ಮೆಟ್ಟಿಲು ಬಂತೆಂದು ನೆಲಕ್ಕೆ ಹಾರುವುದು ಎಲ್ಲರಿಗೂ ಇರುವ ಚಾಳಿ, ಹೊಸ ಕಟ್ಟಿಗೆ ಅದೊಂದೇ ಸಾಕು.

ಬಣ್ಣದ ಲೆಕ್ಕ ಹೀಗೆ. ಹತ್ತು–ಹನ್ನೆರಡರ ಕೋಣೆ, ಎತ್ತರ ಹತ್ತಡಿ: ಗೋಡೆ 440 ಚದರಡಿ, ಬಾಗಿಲು–ಕಿಟಕಿ ಕಳೆದು ಸುಮಾರು 400, ಸೂರು 120, ಒಟ್ಟು 520. ಪುಟ್ಟಿ ಎರಡು ಸಲ ಬಳಿಯಲು 40 ಕಿಲೋ ಚೀಲವೊಂದು ಸುಮಾರು 400–450 ಚದರಡಿ ಬರುತ್ತದೆ, ಹಾಗಾಗಿ ಆ ಕೋಣೆಗೆ ಒಂದು ಚೀಲ ಸಾಲದು. ಪೇಂಟ್ ಡಬ್ಬಿಯ ಮೇಲಿನ ವ್ಯಾಪ್ತಿ ನಯವಾದ ಗೋಡೆಗೆ ಬರೆದದ್ದು, ಹಳೆಯ ಗೋಡೆಗೆ 15–20% ಹೆಚ್ಚು ತರಿಸಿ. ಎಲ್ಲ ಡಬ್ಬಿಗಳೂ ಒಂದೇ ಬ್ಯಾಚಿನವಾಗಿರಲಿ. ಹೊಸ ಗಿಲಾವಿಗೆ 28 ದಿನ ಆಗದೆ ಪೇಂಟ್ ಹಚ್ಚಿದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದು ಮಚ್ಚೆ ಮಾಡುತ್ತದೆ. ಒಳಗೆಲ್ಲ ಒಂದೇ ತಿಳಿ ಬಣ್ಣ ಸಾಕು. ತಂಡದ ಜೆರ್ಸಿಯ ಬಣ್ಣವನ್ನು ಮಾರುವ ಮನೆಯ ಹಾಲ್‌ಗೆ ಹಚ್ಚುವ ಆಸೆ ಬಿಡಿ.

ಎಲ್ಲಿ ಖರ್ಚು ಮಾಡಬಾರದು? ದುಬಾರಿ ಮಾಡ್ಯುಲರ್ ಕಿಚನ್, ಪಿಒಪಿ ಸೀಲಿಂಗ್, ಬಣ್ಣಬಣ್ಣದ ಎಲ್‌ಇಡಿ. ಕೊಳ್ಳುವವರು ಅವನ್ನು ತಮ್ಮ ರುಚಿಗೆ ಬದಲಿಸುತ್ತಾರೆ, ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ವಾಸ್ತು ವಿಷಯ ಖಂಡಿತ ಕೇಳುತ್ತಾರೆ: ಈಶಾನ್ಯದಲ್ಲಿ ಶೌಚಾಲಯ ಇದೆಯೇ, ಒಲೆ ಆಗ್ನೇಯದಲ್ಲಿದೆಯೇ. ಒಲೆಕಟ್ಟೆ ಸುಲಭಕ್ಕೆ ಸರಿಯುವುದಾದರೆ ಸರಿಸಿ, ವಾಸ್ತುವಿಗಾಗಿ ಗೋಡೆ ಒಡೆಯಬೇಡಿ.

ಮಾರಾಟಕ್ಕೆ ಇಡುವ ಹೊತ್ತು

ಆಷಾಢ, ಧನುರ್ಮಾಸಗಳಲ್ಲಿ ಮನೆ ನೋಡುವವರು ಬಂದರೂ ಮಾತು ಮುಂದಕ್ಕೆ ಹೋಗುವುದು ಕಡಿಮೆ. ಯುಗಾದಿಯಿಂದ ಅಕ್ಷಯ ತದಿಗೆಯ ತನಕ, ಆಮೇಲೆ ಶ್ರಾವಣದಿಂದ ದಸರಾ, ದೀಪಾವಳಿವರೆಗೆ ಒಳ್ಳೆಯ ಕಾಲ (ನಡುವೆ ಪಿತೃಪಕ್ಷ ಬಿಟ್ಟು). ಆಪರೇಷನ್ ಅಕ್ಟೋಬರ್–ನವೆಂಬರ್‌ನಲ್ಲಿ ಆಗಿದ್ದರೆ ತಾರಸಿ ಬೇಸಿಗೆಗೆ ಮುಗಿದು, ಯುಗಾದಿ ಹೊತ್ತಿಗೆ ಮನೆ ತೋರಿಸಬಹುದು. ಜೂನ್‌ನಲ್ಲಿ ಆಗಿದ್ದರೆ ಅವಸರ ಬೇಡ: ಮಳೆಯಲ್ಲಿ ಎಲ್ಲೆಲ್ಲಿ ಸೋರುತ್ತದೆಂದು ಗುರುತು ಹಾಕಿಕೊಂಡು, ಕಾಗದಪತ್ರ ಮುಗಿಸಿ, ಗಾರೆ ಕೆಲಸ ಮಳೆ ಕಳೆದ ಮೇಲೆ ಶುರುಮಾಡಿ.

ಬೆಲೆ ನಿಗದಿಗೆ ಅದೇ ಬೀದಿಯಲ್ಲಿ ಇತ್ತೀಚೆಗೆ ಮಾರಿದ ಮನೆಗಳನ್ನು ವಿಚಾರಿಸಿ, ಸರ್ಕಾರದ ಮಾರ್ಗಸೂಚಿ ದರವನ್ನೂ ನೋಡಿಕೊಳ್ಳಿ. ನೀವು ಎಷ್ಟು ಖರ್ಚು ಮಾಡಿದಿರಿ ಎಂಬುದು ಕೊಳ್ಳುವವರಿಗೆ ಬೇಕಿಲ್ಲ. ಅವರಿಗೆ ತೋರಿಸಬೇಕಾದದ್ದು ನೀರು ನಿಲ್ಲಿಸಿದ ಪರೀಕ್ಷೆಯ ಫೋಟೋ, ಪೈಪು–ವೈರಿನ ದಾರಿ, ಸಾಮಾನಿನ ಬಿಲ್ಲು, ವಾರಂಟಿ ಚೀಟಿ. ಇಷ್ಟಿದ್ದರೆ ಚೌಕಾಸಿಯಲ್ಲಿ ಮಾತು ಗಟ್ಟಿಯಾಗುತ್ತದೆ. ಸೂರಿನ ಕಂಬಿ ದುರಸ್ತಿ ಮಾಡಿಸಿದ್ದನ್ನು ಬಚ್ಚಿಡದೆ ಹೇಳಿ.

ಮುಂಗಡ ಪಡೆಯುವಾಗ ಒಪ್ಪಂದ ಬರವಣಿಗೆಯಲ್ಲಿರಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಾರಾಟ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1% ತೆರಿಗೆ ಮುರಿದು ಕಟ್ಟುತ್ತಾರೆ. ನಿಮ್ಮ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿರದಿದ್ದರೆ ಅದು 20%ಕ್ಕೆ ಏರುತ್ತದೆ, ಹಾಗಾಗಿ ಮೊದಲೇ ನೋಡಿಕೊಳ್ಳಿ. ಮನೆ ನಿಮ್ಮ ಕುಟುಂಬದ ಕೈಯಲ್ಲಿ 24 ತಿಂಗಳಿಗಿಂತ ಹೆಚ್ಚು ಇದ್ದರೆ ಲಾಭ ದೀರ್ಘಾವಧಿಯದು. 2024ರ ಜುಲೈ 23ಕ್ಕೆ ಮುನ್ನ ಪಡೆದ ಮನೆಯಾದರೆ, ದೇಶದ ನಿವಾಸಿಗಳು 12.5% (ಹಣದುಬ್ಬರದ ಹೊಂದಾಣಿಕೆ ಇಲ್ಲದೆ) ಅಥವಾ 20% (ಹೊಂದಾಣಿಕೆಯೊಂದಿಗೆ) ಇವೆರಡರಲ್ಲಿ ಕಡಿಮೆ ಬರುವ ತೆರಿಗೆ ಕಟ್ಟಬಹುದು. ಹೊಸ ಬಚ್ಚಲು, ಹೊಸ ವೈರಿಂಗ್‌ನಂಥ ಕಾಯಂ ಸುಧಾರಣೆಯ ಖರ್ಚನ್ನು ಲಾಭದಿಂದ ಕಳೆಯಲು ಅವಕಾಶವಿದೆ. ಸುಣ್ಣಬಣ್ಣದಂಥ ಮಾಮೂಲಿ ದುರಸ್ತಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೇ ಬಿಲ್ಲುಗಳನ್ನು ಮೊದಲ ದಿನದಿಂದಲೇ ಎರಡು ಕವರಿನಲ್ಲಿ ಬೇರೆಬೇರೆ ಇಡಬೇಕು, ಪಾವತಿ ಬ್ಯಾಂಕಿನ ಮೂಲಕ ಆಗಿರಬೇಕು. ಮನೆ ಕೊಂಡು, ಸರಿಮಾಡಿ, ಮಾರುವುದನ್ನೇ ಮತ್ತೆ ಮತ್ತೆ ಮಾಡಿದರೆ ಇಲಾಖೆ ಅದನ್ನು ವ್ಯಾಪಾರದ ಆದಾಯ ಎಂದು ಹಿಡಿಯಬಹುದು, ಎರಡನೇ ಮನೆಗೆ ಕೈ ಹಾಕುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ನೋಂದಣಿಯ ದಿನ ಉಪನೋಂದಣಿ ಕಚೇರಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗಬಹುದು, ಎಷ್ಟೋ ಕಡೆ ಕಚೇರಿ ಇರುವುದು ಲಿಫ್ಟ್ ಇಲ್ಲದ ಮೇಲಿನ ಮಹಡಿಯಲ್ಲಿ. ಹಿಂದಿನ ದಿನವೇ ವಿಚಾರಿಸಿ, ಬೆಳಗಿನ ಹೊತ್ತಿನ ಸಮಯ ಪಡೆಯಿರಿ. ಕೀಲಿಗಳ ಜೊತೆ ವಿದ್ಯುತ್ ಆರ್‌ಆರ್ ನಂಬರಿನ ಕೊನೆಯ ಬಿಲ್ಲು, ನೀರಿನ ಕಂದಾಯದ ರಸೀದಿ, ಮೀಟರ್ ಅಂಕಿಯ ಫೋಟೋ ಕೊಟ್ಟು, ಸಂಪರ್ಕಗಳನ್ನು ಖರೀದಿದಾರರ ಹೆಸರಿಗೆ ವರ್ಗಾಯಿಸುವ ಅರ್ಜಿಗೆ ಅಲ್ಲೇ ಸಹಿ ಹಾಕಿಬಿಡಿ. ಇಲ್ಲದಿದ್ದರೆ ಮುಂದೆ ಬಾಕಿ ಬಿದ್ದ ಬಿಲ್ಲಿನ ನೋಟಿಸು ನಿಮ್ಮ ಹೆಸರಿಗೇ ಬರುತ್ತದೆ.